ಕೊರತೆಯಲ್ಲದ ಕೊರತೆ

ರಕ್ತಪರೀಕ್ಷೆಯ ವರದಿಯನ್ನು ನೋಡದವರು ಇಂದು ವಿರಳ. ಆ ಕಾಗದದ ಒಂದೊಂದು ಸಾಲಿನಲ್ಲಿಯೂ ನಮ್ಮ ರಕ್ತದಲ್ಲಿ ಕಂಡ ಅಂಕಿಯೊಂದು ಇರುತ್ತದೆ. ಅದರ ಪಕ್ಕದಲ್ಲಿ, ಇಷ್ಟರಿಂದ ಇಷ್ಟರವರೆಗೆ ಇರತಕ್ಕದ್ದು ಎಂಬ 'ಸಹಜ ಮಿತಿ'ಯೂ ಇರುತ್ತದೆ. ನಮ್ಮ ಅಂಕಿ ಆ ಎರಡು ಗಡಿಗಳ ಒಳಗಿದ್ದರೆ ನೆಮ್ಮದಿ. ಸ್ವಲ್ಪ ಹೊರಗೆ ಸರಿದಿದ್ದರೆ ಅದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮನೆಯವರೆಲ್ಲ ಕಳವಳಕ್ಕೆ ಒಳಗಾಗುತ್ತಾರೆ. ಆದರೆ ಆ ಗಡಿಗಳನ್ನು ಎಳೆದವರು ಯಾರು? ಯಾರ ರಕ್ತವನ್ನು ಅಳೆದು ಎಳೆದರು? ಈ ಪ್ರಶ್ನೆಯನ್ನು ಕೇಳುವವರು ಬಹಳ ಕಡಮೆ.

ಉಳಿದವರು ಕೇಳದಿದ್ದರೂ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಕೇಳಲೇಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸಲು ನೂರಾರು ಉದಾಹರಣೆಗಳು ಬೇಕಾಗಿಲ್ಲ. ರಕ್ತದ ಕೆಂಪು ಕಣದ ಪೊರೆಯಲ್ಲಿರುವ ಒಂದೇ ಒಂದು ಪ್ರೋಟೀನಿನ ಕಥೆ ಸಾಕು. ಕೋಟ್ಯಂತರ ಜನರ ಕೆಂಪು ಕಣಗಳ ಮೇಲೆ ಆ ಪ್ರೋಟೀನು ಇಲ್ಲವೇ ಇಲ್ಲ. ಇದರಿಂದ ಅವರ ಪೂರ್ವಿಕರಿಗೆ ಲಾಭವೇ ಆಯಿತು. ಈಚಿನ ಕಾಲದಲ್ಲಿ ಅವರಲ್ಲಿ ಅನೇಕರಿಗೆ ಕೇಡಾಗಿದ್ದರೆ, ಅದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಅವರ ರಕ್ತವಲ್ಲ, ಆ ರಕ್ತವನ್ನು ಅಳೆದ ಅಳತೆಗೋಲು.

ಕೆಂಪು ಕಣದ ಪರಿಚಯ ಎಲ್ಲರಿಗೂ ಉಂಟು. ಸುಮಾರು 7ರಿಂದ 8 ಮೈಕ್ರೋಮೀಟರು ಅಗಲದ, ನಡುವೆ ತಗ್ಗಾದ ಪುಟ್ಟ ಬಿಲ್ಲೆ ಅದು. ನಮ್ಮ ದೇಹದ ಇತರ ಕೋಶಗಳಲ್ಲಿರುವಂತೆ ಅದರೊಳಗೆ ಕೋಶಕೇಂದ್ರವಿಲ್ಲ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಸುಮಾರು 120 ದಿನಗಳ ಕಾಲ ರಕ್ತನಾಳಗಳಲ್ಲಿ ಸಂಚರಿಸಿ, ಬಳಿಕ ನಾಶವಾಗುತ್ತದೆ. ಅದರ ಮೈಯನ್ನು ತೆಳುವಾದ ಪೊರೆಯೊಂದು ಸುತ್ತುವರಿದಿದೆ. ಕೊಬ್ಬಿನ ಜಾತಿಯ ಅಣುಗಳಿಂದಾದ ಈ ಪೊರೆಯಲ್ಲಿ ಬಗೆಬಗೆಯ ಪ್ರೋಟೀನುಗಳು ನಾಟಿಕೊಂಡಿವೆ. ಕೆಲವು ಕಣದ ಆಕಾರವನ್ನು ಕಾಪಾಡುತ್ತವೆ. ಕೆಲವು ಒಳಹೊರಗಿನ ಸಾಗಣೆಯನ್ನು ನಡೆಸುತ್ತವೆ. ಇನ್ನು ಕೆಲವು ಹೊರಗಿನಿಂದ ಬಂದ ವಸ್ತುಗಳನ್ನು ಹಿಡಿದುಕೊಳ್ಳುತ್ತವೆ. ರಕ್ತದ ಗುಂಪುಗಳನ್ನು ನಿರ್ಣಯಿಸುವ ಗುರುತುಗಳೂ ಈ ಪೊರೆಯ ಮೇಲೆಯೇ ಇವೆ.

ನಮ್ಮ ಕಥೆಯ ಪ್ರೋಟೀನು ಬೆಳಕಿಗೆ ಬಂದದ್ದು ಇಂಥ ಒಂದು ರಕ್ತಗುಂಪಿನ ಗುರುತಾಗಿ. 1950ರಲ್ಲಿ ಇಂಗ್ಲೆಂಡಿನ ಮೇರಿ ಕಟ್‌ಬುಷ್, ಪ್ಯಾಟ್ರಿಕ್ ಮಾಲಿಸನ್ ಮತ್ತು ಡೊರೊಥಿ ಪಾರ್ಕಿನ್ ಎಂಬುವರು, ಅನೇಕ ಸಲ ಪರರ ರಕ್ತವನ್ನು ಪಡೆದಿದ್ದ ಕುಸುಮರೋಗಿಯೊಬ್ಬನ ರಕ್ತದಲ್ಲಿ ಹೊಸ ಬಗೆಯ ಪ್ರತಿಕಾಯವೊಂದನ್ನು ಕಂಡರು. ಅದು ಯಾವ ಗುರುತಿನ ಮೇಲೆ ಎರಗುತ್ತಿತ್ತೋ ಆ ಗುರುತಿಗೆ ರೋಗಿಯ ಮನೆತನದ ಹೆಸರನ್ನೇ ಇಟ್ಟರು. ಹೀಗೆ 'ಡಫಿ' ಎಂಬ ಹೆಸರು ವಿಜ್ಞಾನಕ್ಕೆ ಬಂದಿತು. ಮರುವರ್ಷವೇ ಇದರ ಇನ್ನೊಂದು ರೂಪವೂ ಪತ್ತೆಯಾಯಿತು. ಮೊದಲನೆಯದನ್ನು ಡಫಿ-ಎ ಎಂದೂ ಎರಡನೆಯದನ್ನು ಡಫಿ-ಬಿ ಎಂದೂ ಕರೆಯೋಣ. ಯೂರೋಪಿನ ಜನರಲ್ಲಿ ಬಹುತೇಕ ಎಲ್ಲರಿಗೂ ಇವೆರಡರಲ್ಲಿ ಒಂದಾದರೂ ಇತ್ತು. ಆದರೆ 1955ರಲ್ಲಿ ರೂತ್ ಸ್ಯಾಂಗರ್, ರಾಬರ್ಟ್ ರೇಸ್ ಮತ್ತು ಅವರ ಸಹೋದ್ಯೋಗಿಗಳು ನ್ಯೂಯಾರ್ಕಿನ ಕರಿಯ ಜನರ ರಕ್ತವನ್ನು ಪರೀಕ್ಷಿಸಿದಾಗ, ಅವರಲ್ಲಿ ಹೆಚ್ಚಿನವರಿಗೆ ಎರಡೂ ಇಲ್ಲವೆಂಬುದು ತಿಳಿದುಬಂದಿತು. ಇವರನ್ನು 'ಡಫಿರಹಿತ'ರೆಂದು ಕರೆಯಬಹುದು.

ಈ ಪ್ರೋಟೀನಿನ ರಚನೆ ಈಗ ನಮಗೆ ಚೆನ್ನಾಗಿ ತಿಳಿದಿದೆ. 336 ಅಮೈನೋ ಆಮ್ಲಗಳ ಸರಪಳಿಯೊಂದು ಸೂಜಿಯ ದಾರದಂತೆ ಪೊರೆಯನ್ನು ಏಳು ಸಲ ಹಾದುಹೋಗುತ್ತದೆ. ಅದರ ಒಂದು ತುದಿ ಕಣದ ಹೊರಗೆ ಚಾಚಿಕೊಂಡಿರುತ್ತದೆ. ಆ ತುದಿಯಲ್ಲಿ, 42ನೆಯ ಸ್ಥಾನದಲ್ಲಿ, ಡಫಿ-ಎ ರೂಪದಲ್ಲಿ ಗ್ಲೈಸೀನ್ ಇದ್ದರೆ ಡಫಿ-ಬಿ ರೂಪದಲ್ಲಿ ಆಸ್ಪಾರ್ಟಿಕ್ ಆಮ್ಲವಿದೆ. ಎರಡು ರಕ್ತಗುಂಪುಗಳ ನಡುವಣ ಅಂತರ ಇಷ್ಟೇ. ಇದರ ಜೀನು ಒಂದನೆಯ ವರ್ಣತಂತುವಿನಲ್ಲಿದೆಯೆಂದು 1968ರಲ್ಲಿ ಅಮೆರಿಕದ ರೋಜರ್ ಡೊನಾಹ್ಯೂ ತೋರಿಸಿಕೊಟ್ಟರು. ಲಿಂಗನಿರ್ಣಯದ ವರ್ಣತಂತುಗಳನ್ನು ಬಿಟ್ಟು ಉಳಿದ ಯಾವುದಾದರೊಂದು ವರ್ಣತಂತುವಿನಲ್ಲಿ ಮಾನವನ ಜೀನೊಂದರ ನೆಲೆಯನ್ನು ಗುರುತಿಸಿದ್ದು ಅದೇ ಮೊದಲು.

ಹಾಗಾದರೆ ಇದರ ಕೆಲಸವೇನು? ದೇಹದಲ್ಲಿ ಎಲ್ಲಿಯಾದರೂ ಗಾಯವಾದಾಗ ಅಥವಾ ಸೋಂಕು ತಗಲಿದಾಗ, ಅಲ್ಲಿನ ಕೋಶಗಳು ಕೀಮೋಕೈನ್ ಎಂಬ ಚಿಕ್ಕ ಪ್ರೋಟೀನುಗಳನ್ನು ಹೊರಸೂಸುತ್ತವೆ. ಇವು ಬಿಳಿಯ ರಕ್ತಕಣಗಳಿಗೆ ಹೋಗುವ ಕರೆ. 'ಇಲ್ಲಿಗೆ ಬನ್ನಿ' ಎಂಬ ಸಂದೇಶ. ಕೆಂಪು ಕಣಗಳು ಈ ಕರೆಯ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆಂದು 1991ರಲ್ಲಿ ಕಂಡುಬಂದಿತು. ಹಾಗೆ ಹಿಡಿಯುವ ಕೈ ಡಫಿ ಪ್ರೋಟೀನೇ ಎಂಬುದು 1993ರಲ್ಲಿ ಸ್ಪಷ್ಟವಾಯಿತು. ಅದು ಸಂದೇಶವನ್ನು ಕಣದ ಒಳಕ್ಕೆ ಸಾಗಿಸುವುದಿಲ್ಲ. ರಕ್ತದಲ್ಲಿ ಹೆಚ್ಚಾಗಿ ತೇಲುತ್ತಿರುವ ಕೀಮೋಕೈನುಗಳನ್ನು ಹೀರಿಕೊಂಡು ಅವುಗಳ ಪ್ರಮಾಣವನ್ನು ಹದದಲ್ಲಿಡುತ್ತದೆ.

ಇಂಥ ಪ್ರೋಟೀನು ಇಲ್ಲದವರ ದೇಹದಲ್ಲಿ ದೊಡ್ಡ ಅನಾಹುತವೇ ಆಗಬೇಕಿತ್ತಲ್ಲವೆ? ಆಗಿಲ್ಲ. ಅದಕ್ಕೆ ಕಾರಣವನ್ನು 1995ರಲ್ಲಿ ಫ್ರಾನ್ಸಿನ ಸಂಶೋಧಕರು ಕಂಡುಹಿಡಿದರು. ಆಫ್ರಿಕದ ಮೂಲದ ಡಫಿರಹಿತರಲ್ಲಿ ಈ ಜೀನು ಕೆಟ್ಟಿಲ್ಲ. ಪ್ರೋಟೀನನ್ನು ತಯಾರಿಸಲು ಬೇಕಾದ ಸೂಚನೆಗಳೆಲ್ಲ ಸರಿಯಾಗಿಯೇ ಇವೆ. ವ್ಯತ್ಯಾಸವಾಗಿರುವುದು ಜೀನಿಗೆ ಮುಂಚೆ ಬರುವ, ಅದನ್ನು ಚಾಲನೆಗೊಳಿಸುವ ಭಾಗದಲ್ಲಿ, ಅದೂ ಡಿ.ಎನ್.ಎ.ಯ ಒಂದೇ ಒಂದು ಅಕ್ಷರದಲ್ಲಿ. 'ಟಿ' ಇರಬೇಕಾದ ಕಡೆ 'ಸಿ' ಇದೆ. ಕೆಂಪು ಕಣಗಳ ತಾಯಿಕೋಶಗಳಲ್ಲಿ ಜೀನುಗಳನ್ನು ಎಚ್ಚರಿಸುವ ಗಾಟಾ-1 ಎಂಬ ಪ್ರೋಟೀನು ಈ ಜಾಗದಲ್ಲಿ ಬಂದು ಕೂರಬೇಕು. ಅಕ್ಷರ ಬದಲಾದುದರಿಂದ ಅದಕ್ಕೆ ಅಲ್ಲಿ ನೆಲೆ ಸಿಗುವುದಿಲ್ಲ. ಆದುದರಿಂದ ಕೆಂಪು ಕಣಗಳ ಸಂತತಿಯಲ್ಲಿ ಮಾತ್ರ ಜೀನು ನಿದ್ರಿಸುತ್ತದೆ. ಚಿಕ್ಕ ರಕ್ತನಾಳಗಳ ಒಳಪದರದಲ್ಲಿಯೂ ಮಿದುಳಿನ ಕೆಲವು ನರಕೋಶಗಳಲ್ಲಿಯೂ ಅದನ್ನು ಎಚ್ಚರಿಸುವುದು ಗಾಟಾ-1 ಅಲ್ಲ; ಅಲ್ಲಿ ಪ್ರೋಟೀನು ಎಂದಿನಂತೆ ತಯಾರಾಗುತ್ತಿರುತ್ತದೆ.

ಮನೆಯೊಂದರಲ್ಲಿ ನಾಲ್ಕು ಕೋಣೆಗಳಿದ್ದು ಪಡಸಾಲೆಯ ಸ್ವಿಚ್ಚು ಮಾತ್ರ ಕೆಲಸ ಮಾಡುತ್ತಿಲ್ಲವೆನ್ನಿ. ಹೊರಗಿನಿಂದ ನೋಡಿದವನು 'ಈ ಮನೆಗೆ ವಿದ್ಯುತ್ತೇ ಇಲ್ಲ' ಎಂದರೆ ಅದು ತಪ್ಪಾಗುತ್ತದೆ. ಡಫಿರಹಿತರ ಸ್ಥಿತಿಯೂ ಇದೇ. ಇದಕ್ಕೆ ರಕ್ತನಿಧಿಗಳಲ್ಲಿ ಪ್ರತ್ಯಕ್ಷ ಸಾಕ್ಷಿಯಿದೆ. ಇವರಿಗೆ ಡಫಿ-ಬಿ ಇರುವ ರಕ್ತವನ್ನು ಕೊಟ್ಟರೆ, ಅದರ ವಿರುದ್ಧ ಅವರ ದೇಹ ಸಾಮಾನ್ಯವಾಗಿ ಪ್ರತಿಕಾಯಗಳನ್ನು ತಯಾರಿಸುವುದಿಲ್ಲ. ರಕ್ತನಾಳಗಳ ಪದರದಲ್ಲಿ ಅದನ್ನು ನಿತ್ಯವೂ ಕಾಣುತ್ತಿರುವ ದೇಹಕ್ಕೆ ಅದು ಪರಕೀಯವೆನಿಸುವುದಿಲ್ಲ.

ಇನ್ನು ಲಾಭದ ಮಾತು. ಮಲೇರಿಯದ ರೋಗಾಣುಗಳಲ್ಲಿ ವೈವಾಕ್ಸ್ ಎಂಬುದು ಬಹು ವ್ಯಾಪಕವಾದುದು. 1990ರ ದಶಕದಿಂದ ನಮ್ಮ ಮಂಗಳೂರನ್ನು ಬಹುಕಾಲ ಕಾಡಿದ ಮಲೇರಿಯದಲ್ಲಿ ಹೆಚ್ಚಿನ ಪಾಲು ಇದರದೇ. ಇದರ ಬಗೆಗೆ ಒಂದು ವಿಚಿತ್ರ ಸಂಗತಿ 1930ರ ದಶಕದಲ್ಲಿಯೇ ಅಮೆರಿಕದ ವೈದ್ಯರ ಗಮನಕ್ಕೆ ಬಂದಿತ್ತು. ಮಿದುಳಿಗೆ ಏರಿದ ಸಿಫಿಲಿಸ್ ರೋಗಕ್ಕೆ ಮಲೇರಿಯದ ಜ್ವರವನ್ನೇ ಔಷಧವಾಗಿ ಬರಿಸುವ ಪದ್ಧತಿ ಆಗ ಬಳಕೆಯಲ್ಲಿತ್ತು. ಈ ಪದ್ಧತಿಗಾಗಿ ಆಸ್ಟ್ರಿಯದ ವಾಗ್ನರ್-ಯೌರೆಗ್ 1927ರಲ್ಲಿ ನೊಬೆಲ್ ಬಹುಮಾನವನ್ನು ಪಡೆದಿದ್ದರು. ವೈವಾಕ್ಸನ್ನು ಚುಚ್ಚಿದರೂ ಕರಿಯ ರೋಗಿಗಳಲ್ಲಿ ಅನೇಕರಿಗೆ ಜ್ವರವೇ ಬರುತ್ತಿರಲಿಲ್ಲ. ಏಕೆಂಬುದು ನಾಲ್ಕು ದಶಕಗಳ ಕಾಲ ಒಗಟಾಗಿಯೇ ಉಳಿಯಿತು.

ಒಗಟನ್ನು ಬಿಡಿಸಿದವರು ಲೂಯಿಸ್ ಮಿಲ್ಲರ್ ಮತ್ತು ಅವರ ಸಂಗಡಿಗರು. ಮಂಗಗಳ ಮಲೇರಿಯಕ್ಕೆ ಕಾರಣವಾದ, ವೈವಾಕ್ಸಿನ ಹತ್ತಿರದ ಬಂಧುವಾದ ನೋಲೆಸಿ ಎಂಬ ರೋಗಾಣು ಡಫಿರಹಿತ ಕೆಂಪು ಕಣಗಳನ್ನು ಹೊಗಲಾರದೆಂದು ಅವರು 1975ರಲ್ಲಿ ತೋರಿಸಿದರು. ಮರುವರ್ಷದ ಪ್ರಯೋಗದಲ್ಲಿ 17 ಮಂದಿ ಸ್ವಯಂಸೇವಕರು ವೈವಾಕ್ಸ್ ಹೊತ್ತ ಸೊಳ್ಳೆಗಳಿಗೆ ಮೈಯೊಡ್ಡಿದರು. ಅವರಲ್ಲಿ ಡಫಿರಹಿತರಾಗಿದ್ದ 5 ಮಂದಿಯ ರಕ್ತಕ್ಕೆ ಮಾತ್ರ ಸೋಂಕು ತಗಲಲಿಲ್ಲ. ರೋಗಾಣು ಕೆಂಪು ಕಣವನ್ನು ಪ್ರವೇಶಿಸಲು ಡಫಿ ಪ್ರೋಟೀನನ್ನೇ ಬಾಗಿಲಾಗಿ ಬಳಸುತ್ತದೆ. ಬಾಗಿಲಿಲ್ಲದ ಮನೆಗೆ ಕಳ್ಳ ನುಗ್ಗುವುದು ಹೇಗೆ?

ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹಲವು ಭಾಗಗಳಲ್ಲಿ 100 ಮಂದಿಯಲ್ಲಿ 95ಕ್ಕಿಂತ ಹೆಚ್ಚು ಜನ ಡಫಿರಹಿತರಾಗಿರುವುದು ಪ್ರಕೃತಿಯ ಆಯ್ಕೆಯ ಫಲ. ಈ ಆಯ್ಕೆ ಎಷ್ಟು ಬಲವಾದುದೆಂಬುದಕ್ಕೆ ಕೇಪ್ ವರ್ಡ್ ದ್ವೀಪಗಳ ನಿದರ್ಶನವಿದೆ. 15ನೆಯ ಶತಮಾನದಲ್ಲಿ ಪೋರ್ಚುಗೀಸರೂ ಅವರು ಆಫ್ರಿಕದಿಂದ ತಂದ ಗುಲಾಮರೂ ಅಲ್ಲಿ ನೆಲಸಿದರು. ಮಲೇರಿಯ ಪೀಡಿತವಾಗಿದ್ದ ಸಾಂಟಿಯಾಗೊ ದ್ವೀಪದಲ್ಲಿ, ಇವರ ಮಿಶ್ರ ಸಂತತಿಯಲ್ಲಿ, ಕೇವಲ 20 ತಲೆಮಾರುಗಳಷ್ಟು ಕಾಲದಲ್ಲಿ ಡಫಿರಹಿತ ರೂಪ ಗಮನಾರ್ಹವಾಗಿ ಹೆಚ್ಚಿತೆಂದು 2021ರ ಅಧ್ಯಯನವೊಂದು ತೋರಿಸಿದೆ. ಡಫಿ-ಎ ಮತ್ತು ಡಫಿ-ಬಿ ರೂಪಗಳ ನಡುವೆಯೂ ಭೇದವುಂಟು: ರೋಗಾಣುವಿಗೆ ಡಫಿ-ಎ ಅಷ್ಟು ಗಟ್ಟಿಯಾದ ಹಿಡಿತವನ್ನು ಕೊಡುವುದಿಲ್ಲವೆಂದು 2011ರಲ್ಲಿ ತಿಳಿದುಬಂದಿತು. ಹಾಗೆಂದು ಡಫಿರಹಿತರಿಗೆ ಪೂರ್ಣ ಅಭಯವಿದೆಯೆಂದು ತಿಳಿಯಬಾರದು. ಮಡಗಾಸ್ಕರಿನಲ್ಲಿ ಅಂಥವರಿಗೂ ವೈವಾಕ್ಸ್ ಜ್ವರ ಬಂದುದು 2010ರಲ್ಲಿ ವರದಿಯಾಯಿತು. ರೋಗಾಣುವೂ ಸುಮ್ಮನೆ ಕುಳಿತಿಲ್ಲ.

ಇಲ್ಲಿಯವರೆಗಿನ ಕಥೆಯನ್ನು ಕೆಲವು ಪಠ್ಯಪುಸ್ತಕಗಳೂ ಹೇಳುತ್ತವೆ. ನನ್ನ ವಾದಕ್ಕೆ ಮುಖ್ಯವಾದುದು ಇದರ ಮುಂದಿನ ಭಾಗ. ಅದು ಮೊದಲಲ್ಲಿ ಹೇಳಿದ ರಕ್ತಪರೀಕ್ಷೆಯ ಕಾಗದಕ್ಕೆ ಸಂಬಂಧಿಸಿದುದು.

ಬಿಳಿಯ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬವು ಬ್ಯಾಕ್ಟೀರಿಯಗಳೊಡನೆ ಹೋರಾಡುವ ಮುಂಚೂಣಿಯ ಪಡೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು 1500ಕ್ಕಿಂತ ಕಡಮೆಯಿದ್ದರೆ ಅದನ್ನು ರೋಗಲಕ್ಷಣವೆಂದು ಬಹುಕಾಲದಿಂದ ಪರಿಗಣಿಸುತ್ತ ಬಂದಿದ್ದಾರೆ. ಆದರೆ ಆಫ್ರಿಕದ ಮೂಲದ ಜನರಲ್ಲಿ ಅನೇಕರು ಪೂರ್ಣ ಆರೋಗ್ಯವಂತರಾಗಿದ್ದೂ ಈ ಗಡಿಯ ಕೆಳಗೆ ಬೀಳುತ್ತಿದ್ದರು. ಅದಕ್ಕೆ 'ನಿರಪಾಯಕಾರಿಯಾದ ಜನಾಂಗೀಯ ನ್ಯೂಟ್ರೋಫಿಲ್ ಕೊರತೆ' ಎಂಬ ಉದ್ದನೆಯ ಹೆಸರನ್ನು ಕೊಟ್ಟಿದ್ದರು. 2008 ಮತ್ತು 2009ರ ಸಂಶೋಧನೆಗಳು ಇದಕ್ಕೆ ಕಾರಣವಾದ ಜೀನನ್ನು ಅರಸಿ ಹೊರಟು ತಲಪಿದ್ದು ಎಲ್ಲಿಗೆ? ಒಂದನೆಯ ವರ್ಣತಂತುವಿನ ಆ ಒಂದೇ ಅಕ್ಷರಕ್ಕೆ. ತಂದೆತಾಯಿಗಳಿಬ್ಬರಿಂದಲೂ ಡಫಿರಹಿತ ರೂಪವನ್ನು ಪಡೆದವರಲ್ಲಿ ನ್ಯೂಟ್ರೋಫಿಲ್‌ಗಳ ಎಣಿಕೆ ಕೆಳಮಟ್ಟದಲ್ಲಿರುತ್ತದೆ.

ಕೆಂಪು ಕಣದ ಪೊರೆಗೂ ಬಿಳಿಯ ಕಣದ ಎಣಿಕೆಗೂ ಏನು ನಂಟು? 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಮೇಲೆ ಬೆಳಕನ್ನು ಚೆಲ್ಲಿತು. ಮಜ್ಜೆಯಲ್ಲಿ ಬೆಳೆಯುತ್ತಿರುವ, ಇನ್ನೂ ಕೋಶಕೇಂದ್ರವನ್ನು ಕಳೆದುಕೊಳ್ಳದ ಎಳೆಯ ಕೆಂಪು ಕಣಗಳು ನೆರೆಯಲ್ಲಿ ಬೆಳೆಯುವ ಕೋಶಗಳ ಮೇಲೂ ಪ್ರಭಾವ ಬೀರುತ್ತವೆ. ಅವುಗಳಲ್ಲಿ ಡಫಿ ಇಲ್ಲದಿದ್ದರೆ, ಅಲ್ಲಿ ಹುಟ್ಟುವ ನ್ಯೂಟ್ರೋಫಿಲ್‌ಗಳ ಲಕ್ಷಣ ತುಸು ಬೇರೆಯಾಗಿರುತ್ತದೆ; ಅವು ರಕ್ತವನ್ನು ಬಿಟ್ಟು ಅಂಗಾಂಶಗಳಿಗೆ ಸುಲಭವಾಗಿ ತೆರಳುತ್ತವೆ. ಹೀಗಾಗಿ ರಕ್ತದಲ್ಲಿ ಎಣಿಕೆ ಕಡಮೆಯಾದ ಮಾತ್ರಕ್ಕೆ ದೇಹದ ರಕ್ಷಣೆ ಕಡಮೆಯಾಯಿತೆಂದು ಹೇಳುವಂತಿಲ್ಲ. ರಸ್ತೆಯಲ್ಲಿ ಓಡಾಡುವವರನ್ನು ಮಾತ್ರ ಎಣಿಸಿ ಊರಿನ ಜನಸಂಖ್ಯೆಯನ್ನು ನಿರ್ಧರಿಸಹೊರಟರೆ ಆಗುವ ತಪ್ಪೇ ಇಲ್ಲಿಯೂ ಆಗಿತ್ತು.

ಈ ತಪ್ಪಿನ ಬೆಲೆ ತೆತ್ತವರು ರೋಗಿಗಳು. ಇತರ ಔಷಧಗಳಿಗೆ ಬಗ್ಗದ ಸ್ಕಿಜೊಫ್ರೇನಿಯ ಎಂಬ ಮಾನಸಿಕ ರೋಗಕ್ಕೆ ಕ್ಲೋಜಪೀನ್ ಎಂಬ ಪರಿಣಾಮಕಾರಿಯಾದ ಔಷಧವಿದೆ. ವಿರಳವಾಗಿ ಅದು ನ್ಯೂಟ್ರೋಫಿಲ್‌ಗಳನ್ನು ಅಪಾಯಕರವಾಗಿ ಇಳಿಸುವುದುಂಟು. ಆದುದರಿಂದ ಎಣಿಕೆಯನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಹುಟ್ಟಿನಿಂದಲೇ ಕೆಳಮಟ್ಟದ ಎಣಿಕೆಯುಳ್ಳ ಡಫಿರಹಿತರಿಗೆ ಈ ಔಷಧವನ್ನು ಆರಂಭಿಸುವುದೇ ಕಷ್ಟವಾಗಿತ್ತು. ಆರಂಭಿಸಿದರೂ ನಡುವೆ ನಿಲ್ಲಿಸಿದ್ದುಂಟು. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಿಯಮವನ್ನು ತಿದ್ದಿತು: ಇತರರಿಗೆ ಔಷಧವನ್ನು ಆರಂಭಿಸುವ ಮಿತಿ 1500 ಆದರೆ, ಸಹಜವಾಗಿಯೇ ಕಡಮೆ ಎಣಿಕೆಯುಳ್ಳವರಿಗೆ 1000 ಸಾಕೆಂದಿತು. ಮಜ್ಜೆಯ ಪರೀಕ್ಷೆಯದು ಇನ್ನೊಂದು ಉದಾಹರಣೆ. ಎಣಿಕೆ ಕಡಮೆಯೆಂದು ಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನು ತೆಗೆದು ನೋಡಿಸಿಕೊಂಡ ಆಫ್ರಿಕನ್ ಅಮೆರಿಕನ್ ರೋಗಿಗಳನ್ನು ಕುರಿತ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಡಫಿರಹಿತರಲ್ಲಿ 100ಕ್ಕೆ 97 ಮಂದಿಯ ಮಜ್ಜೆ ಸರಿಯಾಗಿಯೇ ಇತ್ತು. ಅಷ್ಟು ಜನ ಆ ನೋವನ್ನೂ ಭಯವನ್ನೂ ಅನುಭವಿಸಿದ್ದು ಏತಕ್ಕಾಗಿ?

ಇಲ್ಲಿ ಒಂದು ಆಕ್ಷೇಪ ಏಳಬಹುದು. 'ಮಿತಿಗಳನ್ನು ಸಡಿಲಿಸಿದರೆ ನಿಜವಾದ ರೋಗಗಳು ಕಣ್ತಪ್ಪಿ ಹೋಗುವುದಿಲ್ಲವೆ? ಸಂಶಯ ಬಂದಾಗ ಹೆಚ್ಚು ಎಚ್ಚರವಹಿಸುವುದೇ ಲೇಸಲ್ಲವೆ?' ಈ ಮಾತಿನಲ್ಲಿ ಸತ್ಯವಿದೆ. ಡಫಿರಹಿತರಿಗೂ ರಕ್ತದ ಕ್ಯಾನ್ಸರ್ ಬರಬಹುದು. ಅವರ ಎಣಿಕೆಯೂ ಔಷಧದಿಂದ ಕುಸಿಯಬಹುದು. ಗಡಿಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಎಚ್ಚರಿಕೆಗೂ ಬೆಲೆಯುಂಟು. ಕೊಡಬೇಕಾದ ಔಷಧವನ್ನು ಕೊಡದಿರುವುದು ಎಚ್ಚರಿಕೆಯಲ್ಲ. ಅದೂ ಒಂದು ಹಾನಿಯೇ. ನಿಜವಾದ ಎಚ್ಚರಿಕೆಯೆಂದರೆ ಸರಿಯಾದ ಅಳತೆಗೋಲನ್ನು ಹಿಡಿಯುವುದು. ಆ ಅಳತೆಗೋಲು ದುಬಾರಿಯಾದುದೂ ಅಲ್ಲ. ಡಫಿ ಇದೆಯೋ ಇಲ್ಲವೋ ಎಂಬುದನ್ನು ರಕ್ತನಿಧಿಯ ಹಳೆಯ ಪರೀಕ್ಷೆಯೊಂದರಿಂದಲೇ ತಿಳಿಯಬಹುದು.

ಇನ್ನೊಂದು ಎಚ್ಚರವೂ ಅವಶ್ಯ. 'ಕರಿಯರಿಗೆ ಒಂದು ಗಡಿ, ಬಿಳಿಯರಿಗೆ ಇನ್ನೊಂದು' ಎಂದು ಹಂಚಿಬಿಟ್ಟರೆ ಒಂದು ತಪ್ಪಿಗೆ ಬದಲಾಗಿ ಇನ್ನೊಂದನ್ನು ಮಾಡಿದಂತಾಗುತ್ತದೆ. ಆಫ್ರಿಕನ್ ಅಮೆರಿಕನರಲ್ಲಿ ಡಫಿರಹಿತರು ಮೂರರಲ್ಲಿ ಎರಡು ಪಾಲಿನಷ್ಟು. ಉಳಿದವರಿಗೆ ಡಫಿ ಇದೆ. ಅತ್ತ ಯೆಮೆನಿನ ಯೆಹೂದ್ಯರಲ್ಲಿಯೂ ಕೆಲವು ಅರಬ್ ಜನರಲ್ಲಿಯೂ ಡಫಿರಹಿತ ರೂಪ ಸಾಮಾನ್ಯ. ಮೈಬಣ್ಣ ಜೀನಿನ ಗುರುತುಚೀಟಿಯಲ್ಲ. ಆದುದರಿಂದಲೇ 'ಜನಾಂಗೀಯ ಕೊರತೆ' ಎಂಬ ಹಳೆಯ ಹೆಸರನ್ನು ಬಿಟ್ಟು 'ಡಫಿರಹಿತರ ನ್ಯೂಟ್ರೋಫಿಲ್ ಎಣಿಕೆ' ಎಂಬರ್ಥದ ಹೆಸರನ್ನು ಬಳಸಬೇಕೆಂದು ಈಚಿನ ವರ್ಷಗಳಲ್ಲಿ ತಜ್ಞರು ಸೂಚಿಸಿದ್ದಾರೆ. ಈ ಹೊಸ ಹೆಸರಿನಲ್ಲಿ ಜನಾಂಗವೂ ಇಲ್ಲ, ಕೊರತೆಯೂ ಇಲ್ಲ. ಇದು ಬರಿಯ ಪದಗಳ ಬದಲಾವಣೆಯಲ್ಲ, ದೃಷ್ಟಿಯ ಬದಲಾವಣೆ.

ಇದು ಎಲ್ಲಿಯೋ ಅಮೆರಿಕದ ವಿಷಯವೆಂದು ನಾವು ಸುಮ್ಮನಿರಬಹುದೆ? ನಮ್ಮ ದೇಶದಲ್ಲಿ ಬಹುತೇಕ ಎಲ್ಲರ ಕೆಂಪು ಕಣಗಳ ಮೇಲೂ ಡಫಿ ಇರುವುದು ನಿಜ. ಆದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಬಾಳುತ್ತಿರುವ ಸಿದ್ದಿ ಜನರ ಪೂರ್ವಿಕರು ಬಂದದ್ದು ಆಫ್ರಿಕದಿಂದ. ಆ ಸಮುದಾಯದವರೊಬ್ಬರ ವರದಿಯಲ್ಲಿ ನ್ಯೂಟ್ರೋಫಿಲ್‌ಗಳ ಅಂಕಿ ಕಡಮೆ ಕಂಡರೆ, ಅವರ ಮುಂದೆ ಕುಳಿತ ವೈದ್ಯನಿಗೆ ಡಫಿಯ ನೆನಪಾಗಬೇಡವೆ? ಇದಕ್ಕಿಂತಲೂ ವಿಶಾಲವಾದ ಮಾತೊಂದುಂಟು. ನಾವು ಓದುವ ಪುಸ್ತಕಗಳಲ್ಲಿ ಅಚ್ಚಾಗಿರುವ ಸಹಜ ಮಿತಿಗಳಲ್ಲಿ ಅನೇಕವು ಬೇರೆ ದೇಶಗಳ ಜನರನ್ನು ಅಳೆದು ಪಡೆದವು. ಅಲ್ಲದೆ, ಆರೋಗ್ಯವಂತರನ್ನು ಅಳೆದು ಅವರಲ್ಲಿ 100ಕ್ಕೆ 95 ಮಂದಿಯನ್ನು ಒಳಗೊಳ್ಳುವಂತೆ ಗಡಿಗಳನ್ನು ಎಳೆಯುವುದೇ ರೂಢಿ. ಎಂದರೆ, ಉಳಿದ 5 ಮಂದಿ ಆರೋಗ್ಯವಂತರಾಗಿದ್ದೂ ಹೊರಗುಳಿಯುತ್ತಾರೆ. 'ಸಹಜ' ಎಂಬ ಪದದ ಹಿಂದೆ ಇರುವುದು ಪ್ರಕೃತಿಯ ಶಾಸನವಲ್ಲ, ನಾವು ಮಾಡಿಕೊಂಡ ಲೆಕ್ಕ.

ಪೊರೆಯ ಪ್ರೋಟೀನುಗಳ ರೂಪಭೇದಗಳೆಲ್ಲ ಡಫಿಯಂತೆ ನಿರಪಾಯಕಾರಿ ಎಂದು ಯಾರೂ ತಪ್ಪಾಗಿ ತಿಳಿಯಬಾರದು. ಕಣದ ಆಕಾರವನ್ನು ಕಾಪಾಡುವ ಪ್ರೋಟೀನುಗಳಲ್ಲಿ ಬದಲಾವಣೆಯಾಗಿ, ಕೆಂಪು ಕಣಗಳು ಚೆಂಡಿನಂತಾಗಿ ಬೇಗನೆ ನಾಶವಾಗುವ ಆನುವಂಶಿಕ ರೋಗಗಳೂ ಇವೆ. ಆದುದರಿಂದಲೇ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಜೀನಿನ ಬದಲಾವಣೆಯೊಂದರ ಸುದ್ದಿ ಕಿವಿಗೆ ಬಿದ್ದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಲಿ. ಬದಲಾದದ್ದು ಪ್ರೋಟೀನೋ, ಅದನ್ನು ತಯಾರಿಸುವ ಸ್ವಿಚ್ಚೋ? ಯಾವ ಕೋಶದಲ್ಲಿ, ಯಾವ ಪರಿಸರದಲ್ಲಿ ಅದರ ಪರಿಣಾಮ ಕಾಣುತ್ತದೆ? ಅದನ್ನು ದೋಷವೆಂದು ಕರೆದವರು ಯಾರನ್ನು ಅಳೆದು ಹಾಗೆ ಕರೆದರು?

ಇಂದು ಈ ಪುಟವನ್ನು ಓದುತ್ತಿರುವವರಲ್ಲಿ ಕೆಲವರು ಮುಂದೆ ವೈದ್ಯರಾಗಬಹುದು. ಕೆಲವರು ಪ್ರಯೋಗಶಾಲೆಯಲ್ಲಿ ಕುಳಿತು ರಕ್ತಕಣಗಳನ್ನು ಎಣಿಸಬಹುದು. ಕೆಲವರು ಜೀವಶಾಸ್ತ್ರದ ಉಪಾಧ್ಯಾಯರಾಗಬಹುದು. ಗಡಿಯ ಹೊರಗಿನ ಅಂಕಿಯೊಂದು ಅವರ ಕೈಗೆ ಬಂದೇ ಬರುತ್ತದೆ. ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನ ಹಿಂದೆ ನೂರಾರು ತಲೆಮಾರುಗಳ ಪೂರ್ವಿಕರಿದ್ದಾರೆ ಎಂಬುದನ್ನು ಆಗ ಅವರು ಮರೆಯದಿರಲಿ.